ಮೈಕಕ್ಕ ಓದಿದ ಕಡಲ ವರದಿ

ಮೈಕಕ್ಕನ ಗಂಟಲು ಹುಟ್ಟಿನಿಂದಲೇ ದೊಡ್ಡದು. ತೊಟ್ಟಿಲಲ್ಲಿ ಅತ್ತರೆ ಆಚೆ ಬೀದಿಯವರು ಏನಾಯಿತೆಂದು ಕೇಳಿಕೊಂಡು ಬರುತ್ತಿದ್ದರಂತೆ. ಹುಡುಗಿಯಾಗಿದ್ದಾಗ ಅವಳಿಗೆ ಯಾರೂ ಗುಟ್ಟು ಹೇಳುತ್ತಿರಲಿಲ್ಲ. ಬಾಯಿ ಬಿಡುವ ಚಾಳಿ ಅವಳಿಗಿತ್ತೆಂದಲ್ಲ, ಅವಳ ಪಿಸುಮಾತೇ ಉಳಿದವರ ಕೂಗಿನಷ್ಟಿತ್ತು. ಮದುವೆಯ ಮಾತುಕತೆಗೆ ಜನ ಬಂದ ದಿನ ತಾಯಿ ಅವಳನ್ನು ಒಳಗೆ ಕರೆದು, ಏನು ಕೇಳಿದರೂ ತಲೆಯಾಡಿಸು, ಬಾಯಿ ತೆರೆದೆಯೋ ಎದ್ದು ಹೋದಾರು ಎಂದು ಕಟ್ಟಪ್ಪಣೆ ಮಾಡಿದ್ದಳು. ತಲೆಯಾಡಿಸಿ ಆಡಿಸಿ ಅವಳಿಗೆ ಕುತ್ತಿಗೆ ನೋವು ಬಂತು. ಬಂದ ಗಂಡೋ, ದೋಣಿಯ ಚುಕ್ಕಾಣಿ ಹಿಡಿಯುವವನು, ಅವಳಿಗಿಂತ ಒಂದು ಕೈ ಮೇಲು. ಅವನು ತಲೆಯನ್ನೂ ಆಡಿಸಲಿಲ್ಲ. ಊರವರು ಅವನನ್ನು ಮೌನಿ ಎಂದು ಕರೆಯುತ್ತಿದ್ದರು. ಮದುವೆಯಾದ ಮಾರನೆಯ ದಿನ ಅವಳ ನಿಜವಾದ ಗಂಟಲು ಕೇಳಿಯೂ ಅವನು ಬೆಚ್ಚಲಿಲ್ಲ. "ಒಳ್ಳೇದೇ ಆಯ್ತು, ಮನೇಲಿ ಮಾತಾಡೋ ಕೆಲಸ ನನಗೆ ತಪ್ತು" ಎಂದು ಊಟಕ್ಕೆ ಕೂತ.

ಅವರ ಊರಿನ ಬಂದರು ಇದ್ದದ್ದು ನದಿಯ ಒಳಗೆ. ದೋಣಿಗಳು ದಂಡೆಯ ಕಟ್ಟೆಗೆ ಒರಗಿ ನಿಲ್ಲುತ್ತಿದ್ದವು. ಕಡಲಿಗೆ ಹೋಗಬೇಕಾದರೆ ಅಳಿವೆ ದಾಟಬೇಕು. ಅಳಿವೆಯೆಂದರೆ ನದಿ ಕಡಲನ್ನು ಸೇರುವ ಬಾಯಿ. ಅಲ್ಲಿ ನೀರಿನಡಿಯಲ್ಲಿ ಮರಳಿನ ದಿಬ್ಬವೊಂದು ಮಲಗಿರುತ್ತದೆ. ಉಬ್ಬರದಲ್ಲಿ ನೀರು ಏರಿದ್ದಾಗ ದಿಬ್ಬ ಇದೆಯೆಂದೇ ಗೊತ್ತಾಗುವುದಿಲ್ಲ. ಇಳಿತದಲ್ಲಿ ಹೊರಗಿನಿಂದ ದೊಡ್ಡ ಅಲೆ ಬಂತೆಂದರೆ, ದಿಬ್ಬಕ್ಕೆ ಎಡವಿದವರ ಹಾಗೆ ಮುಗ್ಗರಿಸಿ ಬೀಳುತ್ತದೆ. ಅದರ ಕೆಳಗೆ ಸಿಕ್ಕಿದ ದೋಣಿ ಬೆಂಕಿಪೊಟ್ಟಣಕ್ಕೆ ಸಮ. ಹೀಗಾಗಿ ಕಡಲು ಹೇಗಿದೆ ಎಂಬ ವರದಿ ಆ ಊರಿಗೆ ಬೆಳಗಿನ ಚಹಾದಷ್ಟೇ ಅಗತ್ಯವಾಗಿತ್ತು.

ವರದಿ ಓದುವ ಕೆಲಸ ಅವಳಿಗೆ ಸಿಕ್ಕಿದ್ದು ಮೈಕು ಕೆಟ್ಟಿದ್ದರಿಂದ. ಬಂದರು ಕಚೇರಿಯ ಮಾಳಿಗೆಯ ಮೇಲೊಂದು ಧ್ವನಿವರ್ಧಕ ಇತ್ತು. ಅದರಲ್ಲಿ ಒಬ್ಬ ಗುಮಾಸ್ತ ಮೂಗಿನಲ್ಲೇ ಗೊಣಗುತ್ತಿದ್ದ. ಒಂದು ಬೆಳಿಗ್ಗೆ ಧ್ವನಿವರ್ಧಕ ಗರಗರ ಎಂದು ಸುಮ್ಮನಾಯಿತು. ಗಾಳಿಯ ಎಚ್ಚರಿಕೆ ಬಂದಿತ್ತು. ಬಂದರಿನ ಸಾಹೇಬರು ಕಾಗದ ಹಿಡಿದು ಮಾಳಿಗೆಯ ಅಂಚಿನಿಂದ ಕೂಗಿದರು, ಕೈ ಬೀಸಿದರು. ಕೆಳಗೆ ಇಂಜಿನುಗಳ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ, ಕೆಲವರು ತಿರುಗಿ ಕೈ ಬೀಸಿದರು. ಕಟ್ಟೆಯ ಮೇಲೆ ಮೀನು ಬೇರ್ಪಡಿಸುತ್ತಿದ್ದ ಇವಳು ಹೋಗಿ ಕಾಗದ ಇಸಿದುಕೊಂಡಳು. ನಾಲ್ಕನೆಯ ತರಗತಿಯಲ್ಲಿ ಬಿಟ್ಟ ಓದು. ಎಡವುತ್ತ, ಅಕ್ಷರ ಕೂಡಿಸುತ್ತ, ಬರೀ ಗಂಟಲಿನಲ್ಲೇ ಓದಿ ಮುಗಿಸಿದಳು. ಆಗಲೇ ಬಿಚ್ಚಿದ್ದ ಹಗ್ಗಗಳನ್ನೆಲ್ಲ ಮತ್ತೆ ಕಟ್ಟಿದರು. ಮರುವಾರವೇ ಸಾಹೇಬರು ಅವಳಿಗೆ ಕೆಲಸ ಕೊಡಿಸಿದರು. ಮೈಕಿಲ್ಲದೆ ಓದಿದವಳಿಗೆ ಮೈಕಕ್ಕ ಎಂದು ಹೆಸರು ನಿಂತಿತು.

ಈ ಸಾಹೇಬರನ್ನು ಅವಳು ಕೊನೆಯವರೆಗೂ ನೆನೆಯುತ್ತಿದ್ದಳು. ಗುಂಡಗಿನ ಮನುಷ್ಯ. ಕಟ್ಟಿಹಾಕಿದ ದೋಣಿಗೆ ಕಾಲಿಟ್ಟರೂ ಅವರಿಗೆ ಹೊಟ್ಟೆ ತೊಳಸುತ್ತಿತ್ತು. ಕಡಲಿನ ಸಾಹೇಬರು ಕಡಲನ್ನು ಕಿಟಕಿಯಲ್ಲೇ ನೋಡಿದವರು ಎಂದು ದೋಣಿಯವರು ನಗುತ್ತಿದ್ದರು. ಆದರೆ ಅವಳಿಗೆ ಓದು ಕಲಿಸಿದ್ದು ಅವರೇ. 'ಪ್ರಕ್ಷುಬ್ಧ' ಎಂಬ ಮಾತಿಗೆ ಅವಳ ನಾಲಿಗೆ ಹೊರಳದಿದ್ದಾಗ ಬೈಯಲಿಲ್ಲ. ಅದನ್ನು ತುಂಡು ಮಾಡಿ ಹೇಳಿಕೊಟ್ಟರು, ದಿನವೂ ಮೆಟ್ಟಿಲು ಹತ್ತುವಾಗ ಹೇಳಿಕೊಂಡು ಬಾ ಎಂದರು. ಬರಿದೇ ಬಾಯಿಪಾಠವಾಗಬಾರದೆಂದು ಪ್ರತಿ ಮಾತಿನ ಅರ್ಥವನ್ನೂ ತಿಳಿಸುತ್ತಿದ್ದರು. ಉಬ್ಬಲೆ ಎಂದರೇನೆಂದು ಕೇಳಿದ ದಿನ ಕಚೇರಿಯ ಜವಾನನಿಂದ ಒಂದು ಅಗಲವಾದ ಬೋಗುಣಿಯಲ್ಲಿ ನೀರು ತರಿಸಿದರು. ಮೊದಲು ಬಾಯಿಂದ ಊದಿದರು. ನೀರಿನ ಮೇಲೆ ಸಣ್ಣ ಸಣ್ಣ ಅಲೆ ಎದ್ದವು. ಇದು ಗಾಳಿ ಎಬ್ಬಿಸಿದ್ದು, ಗಾಳಿ ನಿಂತರೆ ಇದೂ ನಿಲ್ಲುತ್ತೆ ಎಂದರು. ಆಮೇಲೆ ಬೋಗುಣಿಯ ಒಂದು ತುದಿಯಲ್ಲಿ ಅಂಗೈಯಿಂದ ನೀರನ್ನು ಮೆಲ್ಲನೆ ನೂಕಿದರು. ನೀರು ಉಬ್ಬಿಕೊಂಡು ಸದ್ದಿಲ್ಲದೆ ಹೋಗಿ ಇನ್ನೊಂದು ತುದಿ ದಾಟಿ ಚೆಲ್ಲಿತು. "ನೋಡಮ್ಮ, ಅಲ್ಲಿ ಗಾಳಿ ಇತ್ತಾ? ಇರ್ಲಿಲ್ಲ. ಯಾವುದೋ ದೂರದ ಕಡಲಲ್ಲಿ ಬಿರುಗಾಳಿ ಎದ್ದಿರುತ್ತೆ. ಅಲೆ ಅಲ್ಲಿಂದ ಹೊರಟು, ಆಕಾಶ ನೀಲಿ ಇರುವಾಗಲೇ ನಮ್ಮ ಮನೆ ಬಾಗಿಲಿಗೆ ಬಂದು ನಿಲ್ಲುತ್ತೆ" ಎಂದರು. ಮೇಜಿನ ಮೇಲಿನ ಕಾಗದಗಳೆಲ್ಲ ಒದ್ದೆಯಾಗಿದ್ದವು. ತನ್ನಂಥವಳಿಗೆ ತಿಳಿಸಲು ಇವರು ಇಷ್ಟು ಒದ್ದಾಡುತ್ತಾರಲ್ಲ ಎಂದು ಅವಳಿಗೆ ಕಣ್ಣು ತುಂಬಿತ್ತು.

ಸಾಹೇಬರದು ಒಂದೇ ಕಟ್ಟುನಿಟ್ಟು: ಮೈಕಿನಲ್ಲಿ ವರದಿ ಬಿಟ್ಟು ಬೇರೆ ಮಾತು ಕೂಡದು. ಅದಕ್ಕೂ ಕಾರಣವಿತ್ತು. ಮೊದಮೊದಲು ಅವಳು ಅಲೆಯ ಎತ್ತರ ಹೇಳಿದ ಕೂಡಲೇ, ಯಾರದೋ ಆಡು ಕಚೇರಿಯ ಹೂವಿನ ಗಿಡ ತಿನ್ನುತ್ತಿದೆ, ಬಂದು ಹಿಡಿದುಕೊಂಡು ಹೋಗಿ ಎಂದೂ, ನಾದಿನಿಗೆ ಒಲೆಯ ಮೇಲಿನ ಹಾಲು ನೋಡೆಂದೂ ಹೇಳಿಬಿಡುತ್ತಿದ್ದಳು. ಇಡೀ ಊರು ಎದ್ದು ಹಾಲು ನೋಡುತ್ತಿತ್ತು. ಸಾಹೇಬರು ಕೈಮುಗಿದು ಬೇಡಿಕೊಂಡ ಮೇಲೆ ಅವಳು ಕಾಗದದಲ್ಲಿದ್ದದ್ದು ಬಿಟ್ಟು ಒಂದಕ್ಷರ ಹೆಚ್ಚಿಗೆ ಆಡಿದವಳಲ್ಲ.

ಬಾಯಿಗೆ ಬೀಗ ಬಿತ್ತು. ದನಿಗೆ ಬೀಗ ಹಾಕುವುದು ಯಾರಿಗೆ ಗೊತ್ತು? ಕಡಲು ಕೆಟ್ಟ ದಿನ ಅವಳ ದನಿ ತಾನೇ ಎಳೆಯುತ್ತಿತ್ತು, ಅಲೆಯ ಎತ್ತರ ಬರುವ ಮುಂಚೆ ಒಂದು ಗಳಿಗೆ ತಡೆಯುತ್ತಿತ್ತು. ಗಂಡ ಹೋಗುವ ಕಡಲಲ್ಲವೇ. ಒಳ್ಳೆಯ ದಿನ ಮಾತು ಕುಣಿದುಕೊಂಡು ಹೋಗುತ್ತಿತ್ತು. ಕೇಳುವವರು ಇದನ್ನು ಬೇಗ ಪತ್ತೆ ಹಚ್ಚಿದರು. ದಿಕ್ಕು, ವೇಗ, ಎತ್ತರ ಎಲ್ಲ ಯಾರು ಕಿವಿಗೆ ಹಾಕಿಕೊಳ್ಳುತ್ತಾರೆ? ಹೆಂಗಸರು ಪಾತ್ರೆ ತೊಳೆಯುತ್ತ, ಗಂಡಸರು ಚಹಾ ಹೀರುತ್ತ ಅರ್ಧ ಕಿವಿಯಲ್ಲಿ ಕೇಳಿ, "ಇವತ್ತು ಅಕ್ಕ ಎಳೆದ್ಳು" ಎಂದರೆ ಬಲೆ ಮಡಚುವುದು. "ಅಕ್ಕ ಓಡಿಸಿದ್ಳು" ಎಂದರೆ ಇಂಜಿನು ಚಾಲೂ ಮಾಡುವುದು. ವರುಷಗಟ್ಟಲೆ ಹೀಗೇ ನಡೆಯಿತು, ಒಮ್ಮೆಯೂ ತಪ್ಪಲಿಲ್ಲ. ದನಿ ಹೇಳಿದ್ದೂ ಕಾಗದ ಹೇಳಿದ್ದೂ ಒಂದೇ ಆಗಿರುತ್ತಿತ್ತು. ಅವಳಿಗೆ ಮಾತ್ರ ಇದು ಗೊತ್ತೇ ಇರಲಿಲ್ಲ. ಇಷ್ಟು ಜನ ತನ್ನ ಮಾತನ್ನು ಗಮನವಿಟ್ಟು ಕೇಳುತ್ತಾರಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದಳು.

ಅವಳಿಗೆ ಒಬ್ಬಳೇ ಮಗಳು. ಮದುವೆಯಾಗಿ ಪಟ್ಟಣದಲ್ಲಿದ್ದಳು. ಎರಡು ಬಾರಿ ಬಸುರು ನಿಲ್ಲಲಿಲ್ಲ. ಮೂರನೆಯ ಬಾರಿ ತಿಂಗಳು ತುಂಬುವವರೆಗೆ ಮೈಕಕ್ಕ ಉಸಿರು ಬಿಗಿಹಿಡಿದೇ ಇದ್ದಳು. ಒಂದು ಬೆಳಿಗ್ಗೆ ಅವಳು ವರದಿಯ ಕಾಗದ ಹಿಡಿದು ಮೈಕಿನ ಮುಂದೆ ಕೂರುವ ಹೊತ್ತಿಗೆ ಕಚೇರಿಯ ಫೋನು ಬಡಿದುಕೊಂಡಿತು. ಅಳಿಯ. ಗಂಡು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಎಂದವನೇ ಅತ್ತುಬಿಟ್ಟ. ಅವಳಿಗೆ ಹೊಟ್ಟೆಯೊಳಗೆ ತಣ್ಣಗೆ ಹಾಲು ಹೊಯ್ದಂತಾಯಿತು. ಕಿಟಕಿಯಿಂದ ನೋಡಿದರೆ ಗಂಡ ಕೆಳಗೆ ದೋಣಿಯಲ್ಲಿ ಎಣ್ಣೆ ತುಂಬಿಸುತ್ತಿದ್ದಾನೆ. ಕೂಗಿ ಹೇಳೋಣವೆಂದರೆ ವರದಿಯ ಹೊತ್ತು ಮೀರುತ್ತಿದೆ. ಮೈಕಿನಲ್ಲಿ ಹೇಳೋಣವೆಂದರೆ ಸಾಹೇಬರಿಗೆ ಕೊಟ್ಟ ಮಾತು.

ಸರಿ, ಓದಿದಳು. ಕಾಗದದಲ್ಲಿ ಹೀಗಿತ್ತು: ದೂರದ ಸಮುದ್ರದಲ್ಲಿ ಎದ್ದ ಉಬ್ಬಲೆಗಳು ಮಧ್ಯಾಹ್ನದ ನಂತರ ಕರಾವಳಿಯನ್ನು ತಲುಪಲಿವೆ. ಅಳಿವೆಗಳಲ್ಲಿ ಅಲೆ ಎತ್ತರವಾಗಿ ಮಗುಚುವ ಸಂಭವವಿದೆ. ಮೀನುಗಾರರು ಸಮುದ್ರಕ್ಕೆ ಇಳಿಯಬಾರದು. ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ ಓದಿದಳು. ಆದರೆ ದನಿ ಮಾತ್ರ ಮದುವೆ ಮನೆಯದಾಗಿತ್ತು. 'ಇಳಿಯಬಾರದು' ಎಂಬಲ್ಲಿಗೆ ಬಂದಾಗ ಅದು ಚಿಮ್ಮಿ ಹಾರಿತು.

ಇನ್ನು ಯಾರೂ ಹೋಗುವುದಿಲ್ಲ ಎಂದುಕೊಂಡು, ಕಟ್ಟೆಗೆ ಹೋದರೆ ಬಸ್ಸು ತಪ್ಪೀತೆಂದು ಅವಳು ಹಿಂಬಾಗಿಲಿನಿಂದ ಇಳಿದು, ಗಂಡ ಮನೆಗೆ ಬಂದಾಗ ಆಸ್ಪತ್ರೆಗೆ ಕಳಿಸು, ವಿಷಯ ಅಲ್ಲೇ ಹೇಳುತ್ತೇನೆ ಎಂದು ನಾದಿನಿಗೆ ತಿಳಿಸಿ ಮೊದಲ ಬಸ್ಸು ಹತ್ತಿದಳು. ಮೊಮ್ಮಗನ ಮುಖ ನೋಡಿದಳು. ಮಗಳ ಹಣೆ ನೇವರಿಸಿದಳು. ವಾರ್ಡಿನ ನರ್ಸು ಬಂದು, ಮೆಲ್ಲಗೆ ಮಾತಾಡಿ, ಪಕ್ಕದ ವಾರ್ಡಿನ ಮಕ್ಕಳೂ ಎದ್ದವು ಎಂದು ಗದರಿದಳು. ಗಂಡ ಬರಲಿಲ್ಲ. ಕಾದು ಕಾದು, ಈ ಮನುಷ್ಯ ಎಲ್ಲಿ ಮಲಗಿಬಿಟ್ಟನೋ ಎಂದು ಬೈದುಕೊಳ್ಳುತ್ತ ಅವನನ್ನು ಕರೆತರಲೆಂದೇ ಮಧ್ಯಾಹ್ನದ ಬಿಸಿಲಿನಲ್ಲಿ ಊರಿಗೆ ಮರಳಿದಳು.

ಬಸ್ಸಿಳಿದರೆ ಕಟ್ಟೆ ಬೋಳು. ಒಂದು ದೋಣಿಯೂ ಇಲ್ಲ. ಚಹಾದಂಗಡಿಯವಳು, ಊರಿಗೆಲ್ಲ ಅತ್ತಿಗೆ, ಬಾಗಿಲಲ್ಲಿ ಕೂತು ಸೆಕೆಗೆ ಗಾಳಿ ಬೀಸಿಕೊಳ್ಳುತ್ತಿದ್ದಳು. ಮೊಮ್ಮಗ ಹುಟ್ಟಿದ್ದಾನೆ, ಅಜ್ಜನನ್ನು ಕರೆದೊಯ್ಯಲು ಬಂದೆ, ದೋಣಿಗಳೆಲ್ಲಿ ಎಂದು ಮೈಕಕ್ಕ ಕೇಳಿದಳು.

"ಎಲ್ಲಿರ್ತಾವೆ? ಕಡಲಲ್ಲಿ. ನೀನೇ ಅಲ್ವಾ ಹಾಡಿ ಹಾಡಿ ಕಳಿಸ್ದೋಳು?"

"ನಾನು ಹೋಗ್ಬಾರ್ದು ಅಂತ ಓದ್ದೆ ಅತ್ತಿಗೆ."

ಅತ್ತಿಗೆಯ ಕೈಯ ಬೀಸಣಿಗೆ ನಿಂತಿತು. ಏನು ಓದಿದೆ ಎಂದು ಯಾರಿಗೆ ಗೊತ್ತು, ನೀನು ಇಷ್ಟು ಖುಷಿಯಾಗಿ ಓದಿದ್ದು ಈ ಕಟ್ಟೆಯ ಮೇಲೆ ಯಾರೂ ಕೇಳಿರಲಿಲ್ಲ, ಇವತ್ತು ಕಡಲು ತಟ್ಟೆಯ ಹಾಗಿರುತ್ತದೆ ಎಂದುಕೊಂಡು ರಿಪೇರಿಗೆ ನಿಂತ ದೋಣಿಯನ್ನೂ ಬಿಡದೆ ಇಳಿಸಿದರು ಎಂದು ಹೇಳುತ್ತ ಹೇಳುತ್ತ ಅವಳ ಮುಖ ಬಿಳುಚಿಕೊಂಡಿತು. ಅತ್ತಿಗೆಯ ತಮ್ಮನೂ ಹೋಗಿದ್ದ.

ಮೈಕಕ್ಕ ತಲೆಯೆತ್ತಿ ನೋಡಿದಳು. ಆಕಾಶದಲ್ಲಿ ಒಂದು ತುಂಡು ಮೋಡವಿಲ್ಲ, ಎಲೆ ಅಲುಗುತ್ತಿಲ್ಲ. ಆದರೆ ಅಳಿವೆಯ ಕಡೆಯಿಂದ ಆಗೊಮ್ಮೆ ಈಗೊಮ್ಮೆ ಯಾರೋ ದೊಡ್ಡ ಬಾಗಿಲು ಹಾಕಿದಂಥ ಸದ್ದು ಬರುತ್ತಿತ್ತು. ಬೋಗುಣಿಯ ನೀರು ಇನ್ನೊಂದು ತುದಿಗೆ ಬಂದು ಮುಟ್ಟಿತ್ತು.

ಕಚೇರಿಯಲ್ಲಿ ಸಾಹೇಬರು ವೈರ್‌ಲೆಸ್ಸಿನ ಮುಂದೆ ಬೆವರುತ್ತಿದ್ದರು. ಅವರು ಬಂದಾಗಲೇ ಕಟ್ಟೆ ಬರಿದಾಗಿತ್ತು. ಆಗಿನಿಂದ ಕರೆಯುತ್ತಲೇ ಇದ್ದಾರೆ. ದೂರ ಹೋದವರು ಬಲೆ ಬಿಟ್ಟು ಸೆಟ್ಟಿನ ಸದ್ದು ತಗ್ಗಿಸಿಕೊಂಡಿದ್ದರು. ಕೇಳಿದವರು, ಕಡಲು ಕನ್ನಡಿ ಹಾಗಿದೆ ಸಾಹೇಬ್ರೇ, ನೀವು ಕಿಟಕಿ ಮುಚ್ಕೊಂಡು ಮಲಗಿ ಎಂದು ನಗುತ್ತಿದ್ದರು. ಆಳದ ನೀರಿನಲ್ಲಿ ಉಬ್ಬಲೆ ದೋಣಿಯನ್ನು ತೊಟ್ಟಿಲಿನ ಹಾಗೆ ಎತ್ತಿ ಇಳಿಸುತ್ತದೆ ಅಷ್ಟೆ. ಅದರ ಹಲ್ಲು ಕಾಣುವುದು ಅಳಿವೆಯಲ್ಲೇ. ಅವಳನ್ನು ಕಂಡಕೂಡಲೇ ಸಾಹೇಬರು ಎದ್ದು ತಮ್ಮ ಕುರ್ಚಿಯನ್ನೇ ಕೊಟ್ಟರು.

ಅವಳು ಬಾಯಿಗೆ ಮೈಕಿಟ್ಟು, ಬೆಳಿಗ್ಗೆ ಓದಿದ್ದನ್ನು ಕೇಳಿ, ದೊಡ್ಡ ಅಲೆ ಬಂದಿದೆ, ಕೇಳಿ, ಎಂದಳು. ದನಿ ಗಾಳಿಗೆ ಸಿಕ್ಕ ಬಟ್ಟೆಯ ಹಾಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಮೊದಲು ಉತ್ತರ ಕೊಟ್ಟವನು ಮೀಸೆಯವನು, ಊರಿಗೆಲ್ಲ ಜೋರಿನ ದೋಣಿ ಅವನದೇ.

"ಏನಕ್ಕಾ, ಬೆಳಿಗ್ಗೆ ಹಾಡಿ ಕಳಿಸ್ದೆ, ಈಗ ಅಳ್ತಿದೀಯಾ?"

ಆದರೆ ನಕ್ಕವನಿಗೂ ನಗೆ ಅರ್ಧಕ್ಕೇ ನಿಂತಿತು. ಸಾಹೇಬರು ಇಷ್ಟು ಹೊತ್ತು ಹೇಳಿ ಆಗದ್ದು ಅವಳ ನಡುಕದಿಂದ ಆಯಿತು. ಬೇಕಾದ್ದಕ್ಕಿಂತ ಹೆಚ್ಚೇ ಆಯಿತು. ಅಕ್ಕ ಹೆದರಿದ್ದಾಳೆ ಎಂದಷ್ಟೇ ಎಲ್ಲರಿಗೂ ಕೇಳಿಸಿತು. ಹೆದರಿದವರಿಗೆ ಮನೆ ಬೇಕು. ಬಲೆ ಎಳೆದವರು ಎಳೆದರು, ಕಡಿದವರು ಕಡಿದರು, ದೋಣಿಗಳೆಲ್ಲ ಒಂದರ ಹಿಂದೊಂದು ಅಳಿವೆಯ ಕಡೆಗೆ ಮುಖ ತಿರುಗಿಸಿ ಓಡಿದವು. ನೀರು ಆಗ ಪೂರಾ ಇಳಿದಿತ್ತು. ದಿಬ್ಬ ಬೆನ್ನು ತೋರಿಸುತ್ತಿತ್ತು.

ಮಾಳಿಗೆಯಿಂದ ದೂರದರ್ಶಕದಲ್ಲಿ ನೋಡುತ್ತಿದ್ದ ಸಾಹೇಬರು, ಬೇಡ ಬೇಡ ಎಂದು ಅಲ್ಲಿಂದಲೇ ಕೂಗಿದರು. ಅಷ್ಟರಲ್ಲಿ ಮೀಸೆಯವನ ದೋಣಿ ಬಾಯಿಗೆ ಬಂದಾಗಿತ್ತು. ಹಿಂದಿನಿಂದ ಅಲೆ ಎದ್ದು ದೋಣಿಯ ಬಾಲವನ್ನು ಎತ್ತಿತು. ದೋಣಿ ಅಡ್ಡಲಾಯಿತು. ಒಂದು ಕ್ಷಣ ಅದರ ಹೊಟ್ಟೆ ಬಿಸಿಲಿಗೆ ಬೆಳ್ಳಗೆ ಕಂಡಿತು. ಕಟ್ಟೆಯ ಮೇಲೆ ಸೇರಿದ್ದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಅದು ಹೇಗೋ ಮತ್ತೆ ನೆಟ್ಟಗಾಗಿ, ನೊರೆಯ ಮೇಲೆ ಜಾರಿಕೊಂಡು ನದಿಯೊಳಗೆ ಬಂದು ಬಿತ್ತು. ಬಲೆ ಹೋಯಿತು, ಮೀನು ಹೋಯಿತು, ಮೀಸೆಯವನ ಕೈ ಮುರಿಯಿತು. ಜೀವ ಒಂದೂ ಹೋಗಲಿಲ್ಲ.

ಅದರ ಬೆನ್ನಿಗೇ ಬರುತ್ತಿದ್ದುದು ಮೌನಿಯ ದೋಣಿ.

ಮೈಕಕ್ಕ ಮೈಕು ಬಾಯಿಗೆ ಒತ್ತಿಕೊಂಡಳು. ನಿಲ್ಲು ಎಂದು ಕಿರುಚಬೇಕು. ಆದರೆ ಕಿರುಚಿದರೆ ಅವನು ಇನ್ನೂ ಜೋರಾಗಿ ಬರುತ್ತಾನೆ ಎಂಬುದು ಅವಳಿಗೆ ಆ ಗಳಿಗೆಯಲ್ಲಿ ಹೊಳೆಯಿತು. ಬೆಳಿಗ್ಗೆ ಏನಾಗಿತ್ತು ಎಂಬುದೂ ಆಗಲೇ ಹೊಳೆದದ್ದು. ಇಷ್ಟು ವರುಷ ಇವರು ತನ್ನ ಮಾತನ್ನಲ್ಲ, ಹೊಟ್ಟೆಯೊಳಗಿನದನ್ನೇ ಕೇಳುತ್ತ ಬಂದಿದ್ದಾರೆ. ಖುಷಿಯಾದರೆ ಹೊರಡುತ್ತಾರೆ, ಹೆದರಿದರೆ ಓಡುತ್ತಾರೆ. ಎರಡೂ ಇಲ್ಲದ ದನಿಯೊಂದು ಬೇಕು. ಅವಳು ಕಣ್ಣು ಮುಚ್ಚಿ, ನಾಲ್ಕನೆಯ ತರಗತಿಯ ಹುಡುಗಿ ಪಾಠ ಓದುವ ಹಾಗೆ, ಒಂದೊಂದೇ ಮಾತನ್ನು ಬಿಡಿಸಿ ಇಟ್ಟಳು.

"ಮೌನಿ ದೋಣಿ. ಚುಕ್ಕಾಣಿ ತಿರುಗಿಸಿ. ಹೊರಗೆ ಆಳಕ್ಕೆ ಹೋಗಿ. ಅಲ್ಲೇ ನಿಲ್ಲಿ. ಉಬ್ಬರ ತುಂಬಿದ ಮೇಲೆ ಸಾಹೇಬ್ರು ಹೇಳ್ತಾರೆ, ಆಗ ಒಳಗೆ ಬನ್ನಿ. ನಾನು ಹೇಳಿದ್ದನ್ನ ತಿರುಗಿ ಹೇಳಿ."

ವೈರ್‌ಲೆಸ್ಸು ಬರೀ ಸುಯ್ ಎಂದಿತು. ಅವನು ಸೆಟ್ಟಿನಲ್ಲಿ ಮಾತನಾಡಿದ್ದು ಆವರೆಗೆ ಯಾರೂ ಕೇಳಿರಲಿಲ್ಲ. ಕರೆದರೆ ಎರಡು ಸಲ ಗುಂಡಿ ಒತ್ತಿ ಬಿಡುತ್ತಿದ್ದ, ಅದೇ ಅವನ ಹೂಂ. ಈಗಲೂ ಟಕ್ ಟಕ್ ಎಂದಿತು.

"ಗುಂಡಿ ಸಾಲ್ದು. ಬಾಯಲ್ಲಿ ಹೇಳಿ."

ಆಮೇಲೆ ಬಂತು ಅವನ ಮಾತು, ತುಕ್ಕು ಹಿಡಿದ ಕೀಲಿನ ಹಾಗೆ. "ಚುಕ್ಕಾಣಿ ತಿರುಗಿಸ್ತೀನಿ. ಆಳಕ್ಕೆ ಹೋಗ್ತೀನಿ. ಅಲ್ಲೇ ನಿಲ್ತೀನಿ. ಉಬ್ಬರ ತುಂಬಿ, ಸಾಹೇಬ್ರು ಹೇಳೋ ತನಕ ಬರಲ್ಲ."

ಮದುವೆಯಾದ ಮೇಲೆ ಅವನು ಅಷ್ಟು ಉದ್ದದ ಮಾತಾಡಿದ್ದು ಅದೇ ಮೊದಲು ಎಂದು ಅವಳು ಮುಂದೆ ಹೇಳಿ ನಗುತ್ತಿದ್ದಳು. ಆಗ ನಗು ಬರಲಿಲ್ಲ. ಕಿಟಕಿಯಲ್ಲಿ ನೋಡಿದರೆ ದೋಣಿ ನಿಧಾನವಾಗಿ ಮುಖ ತಿರುಗಿಸುತ್ತಿತ್ತು. ಅವನ ಹಿಂದೆ ಬರುತ್ತಿದ್ದವರೂ ತಿರುಗಿದರು. ಅವಳು ಒಂದೊಂದು ದೋಣಿಯನ್ನೂ ಕರೆದು, ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿ, ಪ್ರತಿಯೊಬ್ಬರ ಬಾಯಿಂದಲೂ ತಿರುಗಿ ಹೇಳಿಸಿಕೊಂಡಳು. ಅತ್ತಿಗೆಯ ತಮ್ಮ, ಇದೇನಕ್ಕಾ ಶಾಲೆ ಮಾಡಿದೆ ಎಂದ. ಹೌದು, ಹೇಳು ಎಂದಳು. ಹೇಳಿದ.

ಮಗು ಹುಟ್ಟಿದ ಸುದ್ದಿ ನಾಲಿಗೆಯ ತುದಿಯಲ್ಲೇ ಇತ್ತು. ಅಜ್ಜನಾಗಿದ್ದಾನೆಂಬುದು ಗೊತ್ತಿಲ್ಲದೆ ಅವನು ಅಲ್ಲಿ ತೂಗಾಡುತ್ತಿದ್ದಾನೆ. ಒಮ್ಮೆ ಹೇಳಿಬಿಡಲೇ, ಏನಾದರೂ ಹೆಚ್ಚುಕಡಿಮೆಯಾದರೆ ತಿಳಿಯದೆಯೇ ಹೋದಾನು ಎಂದು ಮನಸ್ಸು ಎಳೆಯಿತು. ಆದರೆ ಆ ಮಾತು ಹೊರಟರೆ ದನಿ ಮತ್ತೆ ಬೆಳಗಿನದಾಗುತ್ತದೆ. ಹೊರಗೆ ನಿಂತವರೆಲ್ಲರ ಜೀವ ಈಗ ಅವಳ ಗಂಟಲಿನಲ್ಲಿದೆ. ನುಂಗಿಕೊಂಡಳು.

ಸಂಜೆ ಮುಖಕ್ಕೆ ನೀರು ಏರಿತು. ಸಾಹೇಬರು ಮಾಳಿಗೆಯಲ್ಲಿ ಬಿಸಿಲಿಗೆ ಕೆಂಪಾಗಿ, ದೂರದರ್ಶಕ ಇಳಿಸದೆ ನಿಂತಿದ್ದರು. ದೊಡ್ಡ ಅಲೆಗಳು ಒಂದು ಗುಂಪಾಗಿ ಬರುತ್ತವೆ, ಆಮೇಲೆ ಕಡಲು ಸ್ವಲ್ಪ ಹೊತ್ತು ದಣಿವಾರಿಸಿಕೊಳ್ಳುತ್ತದೆ, ಆ ಬಿಡುವಿನಲ್ಲಿ ಒಂದು ದೋಣಿ ಒಳಗೆ ಬರಬಹುದು ಎಂಬುದು ಅವರ ಲೆಕ್ಕ. ಅವರು ಮೇಲಿನಿಂದ 'ಈಗ' ಎನ್ನುವುದು, ಇವಳು ಒಂದು ದೋಣಿಯ ಹೆಸರು ಹಿಡಿದು ಬನ್ನಿ ಎನ್ನುವುದು. ಅದು ಒಳಗೆ ಬಂದು ಕಟ್ಟೆಗೆ ತಾಗುವವರೆಗೆ ಯಾರೂ ಉಸಿರೆತ್ತುವುದಿಲ್ಲ. ಒಮ್ಮೆ ಸಾಹೇಬರು 'ಈಗ' ಎಂದವರೇ 'ಬೇಡ' ಎಂದರು. ಇವಳು ಆಗಲೇ ಕರೆದಿದ್ದಳು. ಹಿಂದೆ ಹೋಗಿ, ತಿರುಗಿ ಹೇಳಿ ಎಂದಳು, ದನಿ ಕೂದಲೆಳೆಯಷ್ಟೂ ಏರದಂತೆ. ಹಿಂದೆ ಹೋಗ್ತೀನಿ ಎಂದು ಆ ಕಡೆಯಿಂದ ಬಂತು. ಅಲೆ ಬಂದು ಬಿದ್ದು ಹೋಯಿತು.

ದೊಡ್ಡ ದೋಣಿಗಳನ್ನೆಲ್ಲ ಮುಂದೆ ಬಿಟ್ಟು ಮೌನಿ ಕೊನೆಯಲ್ಲಿ ನಿಂತಿದ್ದ. ಅವನ ಸರದಿ ಬಂದಾಗ ಸೂರ್ಯ ನೀರಿಗೆ ತಾಗುವಂತಿದ್ದ. ಅವಳು ಕರೆದಳು. ಅವನು ತಿರುಗಿ ಹೇಳಿದ. ದೋಣಿ ದಿಬ್ಬದ ಮೇಲೆ ಬಂತು, ಒಂದು ಸಲ ಎದ್ದಿತು, ಕೂತಿತು, ಒಳಗೆ ಬಂತು. ಸಾಹೇಬರು ಮಾಳಿಗೆಯ ನೆಲದ ಮೇಲೇ ಕೂತುಬಿಟ್ಟರು. ಒಂದು ಬಟ್ಟಲು ನೀರನ್ನೂ ದಾಟದ ಆ ಮನುಷ್ಯನಿಗೆ ಅಂದು ಇಡೀ ದಿನ ಕಡಲು ದಾಟಿದಷ್ಟು ಹೊಟ್ಟೆ ತೊಳಸಿತ್ತು.

ಅವಳು ಮೆಟ್ಟಿಲಿಳಿದು ಕಟ್ಟೆಗೆ ಓಡಿದಳು. ಹಗ್ಗ ಕಟ್ಟುತ್ತಿದ್ದ ಗಂಡನ ಮುಂದೆ ನಿಂತು ಬಾಯಿ ತೆರೆದರೆ ಬರೀ ಗಾಳಿ. ಆ ಗಂಟಲು, ಹುಟ್ಟಿದಂದಿನಿಂದ ಒಮ್ಮೆಯೂ ಕೈಕೊಡದ ಗಂಟಲು, ಒಣಗಿ ಕಟ್ಟಿಕೊಂಡಿತ್ತು. ತೋಳು ಮಡಚಿ ಮಗು ತೂಗುವ ಹಾಗೆ ತೂಗಿ ತೋರಿಸಿದಳು. ಅವನು ಗಾಬರಿಯಾದ.

"ಕೈಗೆ ಏನಾಯ್ತೇ?"

ಇಲ್ಲವೆಂದು ತಲೆಯಾಡಿಸಿ ಮತ್ತೆ ತೂಗಿದಳು. ದೋಣಿ ತೂಗಿದ್ದು ನನಗೂ ಗೊತ್ತು, ಒಳಗೆ ಇದ್ದವನು ನಾನೇ ಎಂದ. ಇವರ ಮೂಕಾಟ ನೋಡಲಾರದೆ ಚಹಾದಂಗಡಿಯ ಅತ್ತಿಗೆ, ತಮ್ಮನನ್ನು ತಬ್ಬಿ ಅಳುತ್ತಿದ್ದವಳು, ಅಳುತ್ತಲೇ ಕೂಗಿದಳು: "ನೀವು ಅಜ್ಜ ಆಗಿದೀರಿ ಮಾರಾಯ್ರೇ! ಮಗಳು ಮೊಮ್ಮಗ ಇಬ್ರೂ ಚೆನ್ನಾಗಿದಾರೆ. ಬೆಳಿಗ್ಗೆ ಇವಳು ಹಾಡಿದ್ದು ಅದಕ್ಕೇ!"

ಮೌನಿ ಹಗ್ಗ ಹಿಡಿದುಕೊಂಡೇ ಕಟ್ಟೆಯ ಮೇಲೆ ಕೂತ. ಅಂದಿನ ಪಾಲಿನ ಮಾತನ್ನು ಆಡಿ ಮುಗಿಸಿದ್ದ.

ಆ ರಾತ್ರಿ ಅವಳು ಸಾಹೇಬರ ಮುಂದೆ ಹೋಗಿ, ಈ ಕೆಲಸ ಇನ್ನು ನನಗೆ ಬೇಡ ಎಂದು ಕೈಸನ್ನೆಯಲ್ಲಿ ತಿಳಿಸಬೇಕೆಂದಿದ್ದಳು. ಅದಕ್ಕೆ ಮೊದಲೇ ಮೀಸೆಯವನು ಕೈಗೆ ಪಟ್ಟಿ ಕಟ್ಟಿಸಿಕೊಂಡು ಮನೆಯ ಬಾಗಿಲಿಗೆ ಬಂದ. ಬೈಯಲು ಬಂದನೆಂದು ಅವಳು ತಲೆ ತಗ್ಗಿಸಿ ನಿಂತಳು.

"ಅಕ್ಕಾ, ನಾನು ಯಾರ ಮಾತೂ ಕೇಳಲ್ಲ ಅಂತ ನನ್ನ ಹೆಂಡ್ತಿ ಮದುವೆಯಾದಾಗಿಂದ ದೂರ್ತಾಳೆ. ಇವತ್ತು ಕಡಲೇ ಬಂದು ಅವಳ ಪರ ಸಾಕ್ಷಿ ಹೇಳ್ತು" ಎಂದ. ನಕ್ಕವನ ಕಣ್ಣು ಒದ್ದೆಯಾಗಿತ್ತು. ಬೆಳಿಗ್ಗೆ ನೀನು ಏನು ಓದಿದೆ ಎಂದು ಆಸ್ಪತ್ರೆಯಲ್ಲಿ ಎಲ್ಲರನ್ನೂ ಕೇಳಿದೆ, ಒಬ್ಬರಿಗೂ ಗೊತ್ತಿರಲಿಲ್ಲ, ಹೊರಗೆ ನಿಲ್ಲಿಸಿ ಬಾಯಲ್ಲಿ ಹೇಳಿಸದೆ ಹೋಗಿದ್ದರೆ ನಮ್ಮವರು ಅಷ್ಟೂ ಜನ ನನ್ನ ಹಿಂದೆಯೇ ನುಗ್ಗುತ್ತಿದ್ದರು ಎಂದ. ನಾಳೆ ಓದು ಎಂದು ಹೇಳಿ ಹೋದ.

ಮರುದಿನ ಬೆಳಿಗ್ಗೆ ಉಬ್ಬಲೆ ಇನ್ನೂ ಇತ್ತು, ಕಾಗದವೂ ಬಂದಿತ್ತು. ಅವಳು ಬಿಸಿನೀರು ಕುಡಿದು, ಉಳಿದ ಚೂರು ಗಂಟಲಿನಲ್ಲಿ ಮೈಕಿನ ಮುಂದೆ ಕೂತಳು. ಕೆಳಗೆ ನೋಡಿದರೆ ಊರಿಗೆ ಊರೇ ಧ್ವನಿವರ್ಧಕದ ಕೆಳಗೆ ನಿಂತಿತ್ತು. ಅತ್ತಿಗೆ ಲೋಟ ತೊಳೆಯುವುದನ್ನು ನಿಲ್ಲಿಸಿದ್ದಳು. ಯಾರೋ ಕೆಮ್ಮಿದರೆ ಇನ್ನೊಬ್ಬರು ತಿವಿದರು. ಅವಳು ಓದಿದಳು, ಕೀರಲು ದನಿ, ಏರಿಲ್ಲ ಇಳಿವಿಲ್ಲ. ಮುಗಿಸಿದ ಮೇಲೆ ಮೀಸೆಯವನು ಕೆಳಗಿನಿಂದ, "ಅಕ್ಕಾ, ಅಲೆಯ ಎತ್ತರ ಇನ್ನೊಂದ್ ಸಲ" ಎಂದ. ಇನ್ನೊಂದು ಸಲ ಓದಿದಳು. ಹಾಗಾದರೆ ಇಳಿಯುವುದೋ ಬೇಡವೋ ಎಂದು ಅವಳು ಮೇಲಿನಿಂದ ಕೇಳಿದಳು. ಇಳಿಯಬಾರದು ಎಂದು ಕಟ್ಟೆ ಪೂರ್ತಿ ಒಂದೇ ದನಿಯಲ್ಲಿ ಹೇಳಿತು. ಅವಳ ಗಂಟಲಿಗೆ ಸರಿಸಮನಾದ ದನಿ ಆ ಊರಲ್ಲಿ ಕೇಳಿಸಿದ್ದು ಅದೇ ಮೊದಲು.

ಅಂದಿನಿಂದ ಅದು ಅಲ್ಲಿನ ರೂಢಿಯಾಯಿತು. ದಿನವೂ ಅವಳು ಓದುವುದು, ಕೆಳಗಿನವರು ತಿರುಗಿ ಹೇಳುವುದು. ಸಾಹೇಬರು ನಿವೃತ್ತರಾಗಿ ಹೊಸಬರು ಬಂದರು. ಇದೇನು ಎಂದು ಬೆರಗಾದರು, ಆಮೇಲೆ ಅವರೂ ಮೆಟ್ಟಿಲ ಬಳಿ ನಿಂತು ಹೇಳತೊಡಗಿದರು. ತನ್ನದು ದೊಡ್ಡ ಗಂಟಲಾಗಿದ್ದಕ್ಕಲ್ಲ, ಇಷ್ಟು ಜನ ನಿಂತು ಕೇಳಿದ್ದಕ್ಕೆ ತಾನು ಋಣಿ ಎಂದು ಅವಳು ಮುಪ್ಪಿನಲ್ಲೂ ಹೇಳುತ್ತಿದ್ದಳು. ರೂಢಿ ಶುರುವಾದ ಆ ಬೆಳಿಗ್ಗೆ ಕಟ್ಟೆ ತಿರುಗಿ ಹೇಳಿ ಮುಗಿಸುವವರೆಗೆ ಅವಳು ಕಾದಳು. ಮೈಕು ಆರಿಸಿ ಕಿಟಕಿಗೆ ಬಂದು ನಿಂತಳು. ಕಟ್ಟೆಗೆ ಒರಗಿದ ದೋಣಿಗಳನ್ನು ಒಂದೊಂದಾಗಿ, ಹೆಸರು ಹಿಡಿದು, ಸದ್ದಿಲ್ಲದೆ ತುಟಿಯಲ್ಲೇ ಕರೆದಳು. ಎಲ್ಲವೂ ಇದ್ದವು.